ಟಾರ್ಪಿಡೊ ದೋಣಿಯ ಹಲಗೆ

ನಾನು ಚಿಕ್ಕವಳಿದ್ದಾಗ ನಾವು ಬಹರೈನಿನ ಗುದೈಬಿಯಾದಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೆವು. ಅಪ್ಪ ಮೀನಾ ಸಲ್ಮಾನ್ ಬಂದರಿನ ಹತ್ತಿರ ದೋಣಿಗಳ ಮರಗೆಲಸ ಮಾಡುತ್ತಿದ್ದರು. ರಜೆಯ ದಿನವಾದ ಶುಕ್ರವಾರವೂ ಅವರಿಗೆ ಕೆಲಸವಿದ್ದರೆ ಅಮ್ಮ ಕುಚ್ಚಲಕ್ಕಿ ಗಂಜಿ, ಒಣ ಸೀಗಡಿ ಚಟ್ನಿ ಕಟ್ಟಿಕೊಟ್ಟು ಅಕ್ಕನನ್ನೂ ನನ್ನನ್ನೂ ಅಲ್ಲಿಗೆ ಕಳಿಸುತ್ತಿದ್ದರು. ಬಿಸಿಲಿಗೆ ಕಾದ ಮರಳು ಚಪ್ಪಲಿಯೊಳಗೆ ನುಗ್ಗಿ ಸುಡುತ್ತಿತ್ತು. ಡಾಂಬರು, ಮೀನೆಣ್ಣೆ, ಆಗಷ್ಟೇ ಕೊಯ್ದ ಮರ, ಈ ಮೂರರ ವಾಸನೆ ಮೂಗಿಗೆ ಬಡಿದರೆ ಅಪ್ಪ ಇರುವ ಜಾಗ ಬಂತೆಂದು ಅರ್ಥ.

ಅಂಥ ಒಂದು ಶುಕ್ರವಾರ ಅಪ್ಪ ಒಡೆಯುತ್ತಿದ್ದದ್ದು ಒಂದು ಯುದ್ಧದ ದೋಣಿಯನ್ನು. ನೀರೊಳಗೇ ಈಜಿಕೊಂಡು ಹೋಗಿ ಹಡಗಿನ ಹೊಟ್ಟೆಗೆ ಬಡಿಯುವ ಬಾಂಬಿಗೆ ಟಾರ್ಪಿಡೊ ಎನ್ನುತ್ತಾರೆ. ಅದನ್ನು ಹೊತ್ತು ಬಾಣದಂತೆ ಓಡಲೆಂದೇ ಕಟ್ಟಿದ ಮರದ ದೋಣಿ ಅದು. ಯುದ್ಧ ಮುಗಿದ ಮೇಲೆ ಬಂದೂಕು, ಟಾರ್ಪಿಡೊ ಎಲ್ಲ ಕಳಚಿ, ದೊಡ್ಡ ಎಂಜಿನ್ ತೆಗೆದು ಚಿಕ್ಕ ಡೀಸೆಲ್ ಎಂಜಿನ್ ಕೂರಿಸಿ ಮಾರಿದ್ದರಂತೆ. ಊರೂರು ದಾಟಿ ಇಲ್ಲಿಗೆ ಬಂದು, ದೂರದಲ್ಲಿ ಲಂಗರು ಹಾಕಿದ ಹಡಗುಗಳಿಗೆ ನೀರು, ತರಕಾರಿ ಹೊತ್ತು ಹೊತ್ತು ಮುದಿಯಾಗಿತ್ತು. ಈಗ ಅದರ ಮರವೆಲ್ಲ ಸೌದೆಗೆ ಹೋಗುವುದಿತ್ತು.

ಕೆಲಸ ಬಲ್ಲವರು ಕಟ್ಟಿದ ದೋಣಿ ಅದು ಎಂದು ಅಪ್ಪನೇ ಒಪ್ಪಿಕೊಂಡಿದ್ದರು. ಓರೆಯಾಗಿ ಜೋಡಿಸಿದ ಎರಡು ಪದರ ಹಲಗೆ, ನಡುವೆ ಎಣ್ಣೆ ಕುಡಿಸಿದ ಬಟ್ಟೆ. ಆದರೂ ಕೊಡಲಿಯ ಒಂದೊಂದು ಏಟೂ ಜೋರಾಗಿಯೇ ಬೀಳುತ್ತಿತ್ತು. ಅದಕ್ಕೆ ಕಾರಣ ನಮಗೆ ಗೊತ್ತಿತ್ತು. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಯುದ್ಧದ ಕಾಲದಲ್ಲಿ ಸರಕಿನ ಹಡಗೊಂದರಲ್ಲಿ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಹೋದವರು. ಟಾರ್ಪಿಡೊ ಬಡಿದು ಹಡಗು ಮುಳುಗಿತು ಎಂದು ಒಂದು ಕಾಗದ ಬಂತು, ಅಷ್ಟೆ. ಅಪ್ಪ ಅವರ ಹೆಸರನ್ನೇ ಎತ್ತುತ್ತಿರಲಿಲ್ಲ.

ಊಟ ಮುಗಿಸಿ ಅಪ್ಪ ದೋಣಿಯೊಳಗೆ ನಾವಿಕರು ಮಲಗುತ್ತಿದ್ದ ಕಟ್ಟೆಯೊಂದರ ಹಿಂದಿನ ಹಲಗೆ ಕಿತ್ತರು. ಅದರ ಒಳಮೈ ತುಂಬ ಪೆನ್ಸಿಲಿನ ಸಣ್ಣ ಅಕ್ಷರ. ಬಿಸಿಲು ತಾಗದೆ ಹಾಗೆಯೇ ಉಳಿದಿತ್ತು. ಅಪ್ಪನಿಗೆ ಇಂಗ್ಲಿಷ್ ಬಾರದು.

"ಎಂತ ಬರೆದಿದ್ದಾರೆ, ಓದು ಮಗಾ," ಎಂದರು ಅಕ್ಕನಿಗೆ.

ಅಕ್ಕ ಬೆರಳಿಟ್ಟು ಓದುತ್ತ ಕನ್ನಡದಲ್ಲಿ ಹೇಳತೊಡಗಿದಳು. ಆ ದೋಣಿಯ ನಾವಿಕನೊಬ್ಬ ಪ್ರತಿ ಸಲ ಕಡಲಿಗೆ ಹೋಗಿ ಬಂದಾಗಲೂ ಒಂದು ಸಾಲು ಬರೆದಿದ್ದ. ಇವತ್ತು ಮಂಜು, ಏನೂ ಕಾಣಲಿಲ್ಲ. ಇವತ್ತು ಎಂಜಿನ್ ಕೆಟ್ಟಿತು. ಚಹಾ ಚೆಲ್ಲಿ ಅಡುಗೆಯವನ ಕೈ ಸುಟ್ಟಿತು. ಇವತ್ತು ಏನೂ ಆಗಲಿಲ್ಲ, ದೇವರು ದೊಡ್ಡವನು. ಹಲಗೆಯ ತುದಿಯಲ್ಲಿ ಮಾತ್ರ ನಾಲ್ಕಾರು ಸಾಲು ಒಟ್ಟಿಗೆ ಇದ್ದವು. ನಮ್ಮ ಟಾರ್ಪಿಡೊ ತಾಗಿತು. ಹಡಗು ಮುಳುಗಿತು. ನೀರಿನಲ್ಲಿ ಜನ ಕೂಗುತ್ತಿದ್ದರು. ತಿರುಗಿ ಹೋದೆವು. ಒಂಬತ್ತು ಜನರನ್ನು ಮೇಲೆಳೆದೆವು. ನಮ್ಮ ಕಂಬಳಿಗಳನ್ನು ಅವರಿಗೆ ಹೊದಿಸಿದೆವು.

"ಮುಳುಗಿಸಿದವರೇ ವಾಪಸ್ ಹೋದ್ರಾ?" ಅಪ್ಪ ಕೇಳಿದರು. "ಇನ್ನೊಮ್ಮೆ ಓದು."

ಅಕ್ಕ ಮತ್ತೆ ಓದಿದಳು. ಅಪ್ಪ ಕೊಡಲಿ ಕೆಳಗಿಟ್ಟು ಅಲ್ಲೇ ಕುಳಿತರು. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. "ಅಣ್ಣನ ಹತ್ರವೂ ಯಾರಾದ್ರೂ ವಾಪಸ್ ಬಂದಿರ್ಬಹುದು. ಅಲ್ಲಿವರೆಗೆ ಅವನಿಗೆ ನೀರಲ್ಲಿ ತಡೀಲಿಕ್ಕೆ ಆಗ್ಲಿಲ್ವೋ ಏನೋ," ಎಂದರು.

ದೋಣಿಯ ಮಾಲೀಕರು ಅಷ್ಟಿಷ್ಟು ಹಿಂದಿ ಬಲ್ಲ ವಯಸ್ಸಾದ ಅರಬರೊಬ್ಬರು. ಅಪ್ಪ ತಮ್ಮ ಹರುಕು ಮುರುಕು ಹಿಂದಿಯಲ್ಲಿ ಎಲ್ಲ ಹೇಳಿ, ಆ ಹಲಗೆ ಕೊಡುತ್ತೀರಾ ಎಂದು ಕೇಳಿದರು. ಮುದುಕರು ಅಕ್ಷರಗಳ ಮೇಲೆ ಅಂಗೈ ಇಟ್ಟರು. ಆಮೇಲೆ ತೆಗೆದುಕೊಂಡು ಹೋಗು ಎಂದು ಕೈಸನ್ನೆ ಮಾಡಿದರು. ಅಪ್ಪ ಮತ್ತೆ ಕೊಡಲಿ ಮುಟ್ಟಲಿಲ್ಲ. ಉಳಿದ ದೋಣಿಯನ್ನು ಒಂದೊಂದೇ ಮೊಳೆ ಬಿಡಿಸಿ ಕಳಚಿದರು. ಆ ಸಂಜೆ ಮನೆಗೆ ನಡೆಯುತ್ತ ಮೊದಲ ಸಲ ದೊಡ್ಡಪ್ಪನ ಬಗ್ಗೆ ಮಾತಾಡಿದರು. ಅವರು ಶಿಳ್ಳೆ ಹೊಡೆದರೆ ಹೊಳೆಯಾಚೆಯ ನಾಯಿಗಳು ಓಡಿ ಬರುತ್ತಿದ್ದವಂತೆ. ನಾವು ನಕ್ಕೆವು, ಅಪ್ಪನೂ ನಕ್ಕರು. ಮುಂದಿನ ರಜೆಗೆ ಆ ಹಲಗೆಯನ್ನು ಊರಿಗೆ ಒಯ್ದು, ಅದರಲ್ಲಿದ್ದದ್ದನ್ನು ಹೇಳಿ ತಮ್ಮ ಅಮ್ಮನ ಕೈಗೆ ಕೊಟ್ಟರು. ಓದು ಬಾರದ ಆ ನಮ್ಮಜ್ಜಿ ಅದನ್ನು ತಮ್ಮ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡರು.

ಅಪ್ಪ ಕೆಲಸ ಮಾಡುತ್ತಿದ್ದ ದಡಕ್ಕೆ ಈಗ ಮಣ್ಣು ತುಂಬಿದ್ದಾರೆ, ಅದರ ಮೇಲೆ ಕಾರುಗಳು ಓಡುತ್ತವೆ. ಮಗನ ಒಂದು ಸುದ್ದಿಗಾಗಿ ನಮ್ಮಜ್ಜಿ ಎಷ್ಟು ವರ್ಷ ಕಾದರೆಂದು ಹೇಳಿದರೆ, ಮಕ್ಕಳೇ, ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಸಂಜೆ ಇಲ್ಲೇ ಬಹರೈನಿನ ರಿಫಾದ ಈ ಮನೆಯಲ್ಲಿ ಕುಳಿತು ನೀವು ಫೋನಿನ ಮ್ಯಾಪಿನಲ್ಲಿ ನಿಮ್ಮಪ್ಪನ ನೀಲಿ ಚುಕ್ಕೆ ನೋಡುತ್ತೀರಿ. ಸಿಗ್ನಲ್ ದಾಟಿದ್ರು ಅಜ್ಜಿ, ಪೆಟ್ರೋಲ್ ಹಾಕಿಸ್ತಿದ್ದಾರೆ ಅಜ್ಜಿ, ಎಂದು ನನಗೆ ವರದಿ ಒಪ್ಪಿಸುತ್ತೀರಿ. ಚುಕ್ಕೆ ನಮ್ಮ ಬೀದಿಗೆ ತಿರುಗಿದ್ದೇ ಬಾಗಿಲಿಗೆ ಓಡುತ್ತೀರಿ. ಮಂಡಿ ನೋಯುತ್ತದೆ, ಆದರೂ ನಾನೂ ಎದ್ದು ನಿಮ್ಮ ಹಿಂದೆಯೇ ಬರುತ್ತೇನೆ.