ಬ್ಯಾಡಗಿಯ ಒಂಟಿ ಸೀನು

ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರ ಅಂಗಡಿಯಲ್ಲಿ ಕಂಪ್ಯೂಟರಿನ ಮಾಹಿತಿಯೆಲ್ಲ ಇರುವ ಎಸ್‌ಎಸ್‌ಡಿಗೆ, ಅದನ್ನು ನಡೆಸುವ ಹೊಸ ಫರ್ಮ್‌ವೇರ್ ಹಾಕಲು ಕೂತಿದ್ದೆ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದೆ. "ಮುಗಿಯೋತನಕ ಕರೆಂಟ್ ತಗೀಬ್ಯಾಡ್ರಿ" ಎಂದು ದಲಾಲರಿಗೆ ಹೇಳುವಷ್ಟರಲ್ಲಿ ಮೆಣಸಿನಕಾಯಿ ಘಾಟು ಮೂಗಿಗೇರಿ ನನಗೊಂದು ಸೀನು ಬಂತು.

"ಒಂಟಿ ಸೀನರಿ! ಸ್ವಲ್ಪ ತಡದು ಮಾಡ್ರಿ" ಎನ್ನುತ್ತಲೇ ಅವರು ಸ್ವಿಚ್ ಆರಿಸಿಬಿಟ್ಟರು.

ಮತ್ತೆ ಹಚ್ಚಿದರೆ ಎಸ್‌ಎಸ್‌ಡಿಯ ಸುಳಿವೇ ಇಲ್ಲ. ಅರ್ಧಕ್ಕೆ ನಿಂತ ಫರ್ಮ್‌ವೇರ್ ಅದನ್ನು ಕೊಂದೇಬಿಟ್ಟಿತ್ತು. ಬೆಳಗಿನಿಂದ ಸಂಜೆತನಕ ಊರಿಗೆ ಊರೇ ಸೀನುವ ಬ್ಯಾಡಗಿಯಲ್ಲಿ ನನ್ನದೊಂದೇ ಸೀನು ಇವರಿಗೆ ಅಪಶಕುನ! ಥೂ, ಅವರ ಮುಖ ನೋಡಲೂ ಹೇಸಿಗೆಯಾಯಿತು.

ನಾನು ಚೀಲ ಎತ್ತಿಕೊಂಡು ಹೊರಟೆ. ಬೆನ್ನ ಹಿಂದೆ ಅವರು ಹಮಾಲರಿಗೆ ಹೇಳುತ್ತಿದ್ದರು: "ಇವ್ರು ಸೀನಿದ್ರು, ಕಂಪ್ಯೂಟರ್ ಹೋತು. ಹಿರ್ಯಾರು ಸುಳ್ಳ ಹೇಳ್ಯಾರೇನು?"