ರುಚಿ ಗೊತ್ತಿಲ್ಲದ ಸೂಪು

ನಾನು ತರಕಾರಿ ಸೂಪು ಮಾಡಲು ಕಲಿತದ್ದು ಮೂಗಿನ ಶಕ್ತಿ ಹೋದ ಮೇಲೆ. ಅದಕ್ಕೂ ಮೊದಲು ಸೂಪನ್ನು ಕುಡಿದೇ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವಾಗ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಂದು ಪುಟ್ಟ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡ ಅಂತರಸನಹಳ್ಳಿ ಕಡೆ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಒಂದು ಭಾನುವಾರ ನಿಟ್ಟೂರಿನ ನನ್ನ ತವರಿಂದ ಸ್ಕೂಟರಿನಲ್ಲಿ ವಾಪಸು ಬರುತ್ತಿದ್ದೆವು. ಗುಬ್ಬಿ ದಾಟಿದ ಮೇಲೆ ಎಮ್ಮೆಯೊಂದು ರಸ್ತೆಗೆ ಅಡ್ಡ ಬಂತು. ನಾನು ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು, ಅವ್ವ ಕೊಟ್ಟ ತೆಂಗಿನಕಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬ್ರೇಕು ಹಾಕಿ ಪಕ್ಕಕ್ಕೆ ತಿರುಗಿಸಿದ ರಭಸಕ್ಕೆ ಹಿಂದಕ್ಕೆ ಬಿದ್ದೆ. ತಲೆಯ ಹಿಂಭಾಗ ಟಾರಿಗೆ ಬಡಿಯಿತು. ಕಾಯಿಗಳು ಉರುಳಿ ಚರಂಡಿಗೆ ಹೋಗುತ್ತಿದ್ದದ್ದು ಕಂಡಿತ್ತು. ಆಮೇಲೆ ಕಂಡದ್ದು ಆಸ್ಪತ್ರೆಯ ಹಸಿರು ಗೋಡೆ.

ಮನೆಗೆ ಬಂದ ಮೇಲೆ ತಲೆನೋವು ನಿಧಾನವಾಗಿ ಕಮ್ಮಿಯಾಯಿತು. ಊಟ ಮಾತ್ರ ಯಾಕೋ ಸಪ್ಪೆ ಎನಿಸುತ್ತಿತ್ತು. ಔಷಧಿಯಿಂದ ಬಾಯಿ ಕೆಟ್ಟಿರಬೇಕು ಎಂದುಕೊಂಡೆ. ಒಂದು ಬೆಳಿಗ್ಗೆ ಸ್ಟೌವಿನ ಮೇಲೆ ಹಾಲಿಟ್ಟು ಪಕ್ಕದಲ್ಲೇ ಬೆನ್ನು ತಿರುಗಿಸಿ ಹುರುಳಿಕಾಯಿ ಬಿಡಿಸುತ್ತಿದ್ದೆ. ಹೊರಗೆ ಸ್ಕೂಟರ್ ಒರೆಸುತ್ತಿದ್ದ ಗಂಡ ಓಡಿ ಬಂದು ಸ್ಟೌವು ಆರಿಸಿದರು.

"ಹಾಲು ಸೀದು ಬೀದಿಗೆಲ್ಲ ವಾಸ್ನೆ ಬರ್ತಾ ಐತೆ. ಪಕ್ಕದಲ್ಲೇ ಇದೀಯಲ್ಲ, ನಿಂಗೆ ಗೊತ್ತಾಗ್ಲಿಲ್ವಾ?"

ನಾನು ಪಾತ್ರೆಯ ಹತ್ತಿರ ಬಗ್ಗಿದೆ. ತಳ ಕಪ್ಪಾಗಿತ್ತು, ಹಬೆ ಮುಖಕ್ಕೆ ತಾಗಿತು. ವಾಸನೆ ಇರಲಿಲ್ಲ. ಹಿಂಗಿನ ಡಬ್ಬಿ ತೆಗೆದು ಮೂಸಿದೆ, ಸೀಮೆಎಣ್ಣೆ ಕ್ಯಾನಿನ ಮುಚ್ಚಳ ತೆಗೆದೆ. ಯಾವುದೂ ಇಲ್ಲ. ಡಾಕ್ಟರು, ತಲೆಗೆ ಬಿದ್ದ ಏಟಿನಿಂದ ಮೂಗಿನ ನರ ಕಡಿದಿರಬಹುದು, ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಉಪ್ಪು, ಹುಳಿ, ಸಿಹಿ, ಖಾರದ ಉರಿ ನಾಲಿಗೆಗೆ ತಿಳಿಯುತ್ತಿತ್ತು. ಅಷ್ಟು ಬಿಟ್ಟರೆ ಊಟದಲ್ಲಿ ಉಳಿದದ್ದು ಬಿಸಿ, ತಣ್ಣಗೆ, ಮೆತ್ತಗೆ, ಗಟ್ಟಿ.

ನನಗೆ ಅಳು ಬರಲಿಲ್ಲ. ಯಾರೋ ಪಕ್ಕದ ಮನೆಯವರ ವಿಷಯ ಹೇಳಿದಂತಿತ್ತು. ಗಂಡ ಅವತ್ತಿನಿಂದ ಕೆಲಸಕ್ಕೆ ಹೋಗುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದು ನೋಡಿ ಹೊರಡುತ್ತಿದ್ದರು.

ಅಡುಗೆಯನ್ನು ಕೈ ಅಭ್ಯಾಸದಿಂದ ಮಾಡುತ್ತಿದ್ದೆ. ಒಗ್ಗರಣೆ ಹದವನ್ನು ಸದ್ದು ಕೇಳಿ ತಿಳಿಯುತ್ತಿದ್ದೆ, ಹುರಿದ ಕೊತ್ತಂಬರಿಯನ್ನು ಬಣ್ಣದಿಂದ. ತಿನ್ನಲು ಕೂತಾಗ ಕಷ್ಟವಾಗುತ್ತಿತ್ತು. ಸಾರಿನ ಮೊದಲ ತುತ್ತಿಗೆ ಪ್ರತಿಸಲವೂ ಬಾಯಿ ಕಾಯುತ್ತಿತ್ತು. ಬರಬೇಕಾದದ್ದು ಬರುತ್ತಿರಲಿಲ್ಲ. ಅರ್ಧ ಊಟಕ್ಕೆ ಎದ್ದುಬಿಡುತ್ತಿದ್ದೆ.

ಅವ್ವ ಮಾತ್ರ ಬಿಡಲಿಲ್ಲ. ನಿಟ್ಟೂರಿನಿಂದ ಬಂದಾಗಲೆಲ್ಲ ಸೆರಗಿನ ಗಂಟು ಬಿಚ್ಚಿ ಮರುಗ, ದವನ, ನಿಂಬೆ ಎಲೆ ಏನಾದರೊಂದನ್ನು ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿಯುತ್ತಿದ್ದಳು.

"ಈಗ ಬಂತಾ ಮಗಾ?"

"ಇಲ್ಲ ಕಣವ್ವ."

"ಬತ್ತದೆ ಬುಡು," ಎಂದು ಅದನ್ನೇ ನನ್ನ ತಲೆಗೆ ಮುಡಿಸುತ್ತಿದ್ದಳು.

ಮಾರನೆಯ ವರ್ಷ ಮಾಘದಲ್ಲಿ ಅವ್ವ ಜ್ವರ ಬಂದು ತೀರಿಕೊಂಡಳು. ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕ ಅವಳ ಟ್ರಂಕು ತೆಗೆದು ಸೀರೆಗಳನ್ನು ಹಂಚಲು ಕೂತಳು. ಒಂದು ಸೀರೆಯನ್ನು ಮುಖಕ್ಕೊತ್ತಿಕೊಂಡು, ಅವ್ವನ ವಾಸನೆ ಹಂಗೇ ಇದೆ ಎಂದು ಬಿಕ್ಕಿದಳು. ಅದನ್ನು ನನ್ನ ಕೈಗೂ ಕೊಟ್ಟಳು. ನಾನೂ ಮುಖಕ್ಕೊತ್ತಿಕೊಂಡೆ. ನೂಲಿನ ಒರಟು ಕೆನ್ನೆಗೆ ತಾಗಿತು. ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಅಲ್ಲಿದ್ದ ಹೆಂಗಸರು, ಇವಳಿಗೆ ಕಣ್ಣೀರೇ ಇಲ್ಲವಲ್ಲ ಎಂದು ಮಾತಾಡಿಕೊಂಡದ್ದು ಕಿವಿಗೆ ಬಿತ್ತು. ಅವರ ಮೇಲೆ ಕೋಪವೂ ಬರಲಿಲ್ಲ.

ನಾನು ಸೊರಗುತ್ತಿರುವ ಸುದ್ದಿ ಕುಣಿಗಲ್ಲಿನಲ್ಲಿದ್ದ ಅತ್ತೆಗೆ ತಲುಪಿತು. ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಹೋಮ್ ಸೈನ್ಸ್ ಓದುತ್ತಿದ್ದ ನನ್ನ ನಾದಿನಿಯನ್ನು, ಯುಗಾದಿ ರಜೆಗೆ ನೇರ ನಮ್ಮಲ್ಲಿಗೇ ಹೋಗಲು ಹೇಳಿ ಕಳಿಸಿದರು. ಅವಳು ಬಂದ ಸಂಜೆಯೇ ಮಾರ್ಕೆಟ್ಟಿಗೆ ಹೋಗಿ ಎಳೆ ಹುರುಳಿಕಾಯಿ, ಕ್ಯಾರೆಟ್ಟು, ನಿಂಬೆಹಣ್ಣಿನಷ್ಟು ದಪ್ಪದ ನವಿಲುಕೋಸು, ಆ ವರ್ಷದ ಕೊನೆಯ ಬಟಾಣಿ, ಈರುಳ್ಳಿ ಹೂವು ತಂದಳು. ಸೂಪು ಮಾಡುತ್ತೇನೆ, ನೀವು ಸುಮ್ಮನೆ ಕೂತಿರಿ ಎಂದಳು. ನಾನು ಮಣೆಯ ಮೇಲೆ ಕೂತು ನೋಡಿದೆ.

ಬೆಣ್ಣೆ ಕರಗಿಸಿ ಈರುಳ್ಳಿಯ ಬಿಳಿ ಭಾಗ ಬಾಡಿಸಿದಳು. ಕೆಂಪಾಗಬಾರದು ಎಂದು ಉರಿ ತಗ್ಗಿಸಿದಳು. ತರಕಾರಿ ಸುರಿದು, ನೀರು ಹಾಕಿ ಮುಚ್ಚಿದಳು. ಬೆಂದ ಮೇಲೆ ಒಂದು ಹಿಡಿ ಬಟಾಣಿಯನ್ನು ಬೇರೆ ತೆಗೆದಿಟ್ಟು ಉಳಿದದ್ದನ್ನು ಒರಳಿಗೆ ಹಾಕಿ ರುಬ್ಬಿದಳು, ಹಿಟ್ಟಿನ ಜರಡಿಯಲ್ಲಿ ಶೋಧಿಸಿದಳು. ಇನ್ನೊಂದು ಪಾತ್ರೆಯಲ್ಲಿ ಬೆಣ್ಣೆ, ಮೈದಾ ಹುರಿದು, ಗಂಟಾಗದಂತೆ ಹಾಲು ಬಿಟ್ಟು ತಿರುವಿದಳು. ಎರಡನ್ನೂ ಸೇರಿಸಿ, ಕೊನೆಗೆ ಬೆಳಗಿನ ಹಾಲಿನ ಕೆನೆ ಕಡೆದು ಹಾಕಿ, ಮೆಣಸಿನ ಪುಡಿ ಉದುರಿಸಿದಳು. ತೆಗೆದಿಟ್ಟ ಬಟಾಣಿ ಮೇಲೆ ಬಿತ್ತು. ಬಣ್ಣ ಎಳೆ ಹೊಂಗೆ ಚಿಗುರಿನ ಹಾಗಿತ್ತು.

ಕಾಫಿ ಲೋಟದಲ್ಲಿ ಬಗ್ಗಿಸಿ ಕೊಟ್ಟಳು. ಕುಡಿದೆ. ಇನ್ನಷ್ಟು ಕುಡಿದೆ. ಲೋಟ ಖಾಲಿಯಾಯಿತು.

"ಹೆಂಗಿದೆ ಅತ್ಗೆ?"

"ಬಿಸಿಯಾಗಿದೆ. ನುಣ್ಣಗಿದೆ. ಬಟಾಣಿ ಹಲ್ಲಿಗೆ ಸಿಕ್ತು."

"ಅಷ್ಟೇನಾ?"

"ನಂಗೆ ಗೊತ್ತಾಗೋದು ಅಷ್ಟೇ ಕಣೇ. ಇನ್ನೊಂದು ಲೋಟ ಕೊಡು."

ಅವಳಿಗೆ ಬೇಸರವಾಗಿರಬೇಕು, ಆದರೂ ಬಗ್ಗಿಸಿದಳು. ಎರಡನೆಯ ಲೋಟ ಯಾಕೆ ಕೇಳಿದೆ ಎಂಬುದು ನನಗೆ ತಿಳಿದದ್ದು ಮಲಗಿದ ಮೇಲೆ. ಸೂಪಿನ ರುಚಿ ಹಿಂದೆ ಹೇಗಿತ್ತೆಂದು ನನಗೆ ಗೊತ್ತಿರಲಿಲ್ಲ. ಹಾಗಾಗಿ ಅದರಲ್ಲಿ ಏನೂ ಕಳೆದಿರಲಿಲ್ಲ. ಬಾಯಿ ಯಾವುದಕ್ಕೂ ಕಾದಿರಲಿಲ್ಲ. ಖುಷಿಯಾಯಿತು ಎಂದರೆ ಸುಳ್ಳಾಗುತ್ತದೆ. ಹೊಟ್ಟೆ ತುಂಬಿತ್ತು, ನಿದ್ದೆ ಬಂತು.

ರಜೆ ಮುಗಿಸಿ ನಾದಿನಿ ಹೊರಟ ಮೇಲೂ ತರಕಾರಿ ಎಳೆಯದಾಗಿ ಸಿಗುವಷ್ಟು ದಿನ ನಾನೇ ಮಾಡಿಕೊಂಡೆ. ಗಂಡ ಮುದ್ದೆ ಸಾರು ಉಣ್ಣುತ್ತಿದ್ದರು, ನಾನು ಎದುರಿಗೆ ಕೂತು ಸೂಪು ಕುಡಿಯುತ್ತಿದ್ದೆ. ಮೈ ತುಂಬಿಕೊಂಡಿತು. ಸಾರು ಅನ್ನ ಉಣ್ಣುವುದೂ ಮೆಲ್ಲಗೆ ರೂಢಿಯಾಯಿತು.

ಎಂಬತ್ತರ ದಶಕದಲ್ಲಿ ನಾವು ಕುಣಿಗಲ್ಲಿಗೆ ಅತ್ತೆಯ ಜೊತೆಗಿರಲು ಹೋದೆವು. ವಾಸನೆ ಮರಳಲಿಲ್ಲ. ಅತ್ತೆಗೆ ಹಲ್ಲು ಬಿದ್ದಿದ್ದವು, ಮೈದಾ ಅಂಬಲಿ ಎಂದು ಹಂಗಿಸುತ್ತಲೇ ಸೂಪು ಕುಡಿಯುತ್ತಿದ್ದರು. ಅಷ್ಟರಲ್ಲಿ ಮದುವೆಯಾಗಿದ್ದ ನಾದಿನಿ ಒಂದು ವಸಂತದಲ್ಲಿ ತವರಿಗೆ ಬಂದಾಗ ನನ್ನ ಸೂಪು ಕುಡಿದು ಹುಬ್ಬೇರಿಸಿದಳು.

"ಇದು ನಾನು ಹೇಳ್ಕೊಟ್ಟಿದ್ದಲ್ಲ ಅತ್ಗೆ. ಬೇರೆನೇ ರುಚಿ. ಚೆನ್ನಾಗಿದೆ, ಆದ್ರೆ ಬೇರೆ."

ಹೇಗೆ ಬೇರೆ ಎಂದು ಕೇಳಿದೆ. ನಿಜವಾಗಿ ತಿಳಿಯಬೇಕೆನಿಸಿತ್ತು. ಅವಳು ಇನ್ನೊಂದು ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದಳು. ಎಳೆ ಅವರೆಯ ಹಾಗೆ ಎಂದಳು, ಅದಲ್ಲ ಎಂದಳು, ಹುಲ್ಲು ನೆನೆದ ಹಾಗೆ ಎಂದಳು. ಆಮೇಲೆ ನನ್ನ ಮುಖ ನೋಡಿ ಲೋಟ ಕೆಳಗಿಟ್ಟಳು.

"ಇರ್ಲಿ ಬಿಡು," ಎಂದು ಲೋಟಗಳನ್ನು ತೊಳೆಯಲು ಎತ್ತಿಕೊಂಡೆ.