ಹಾಲಪ್ಪಣ್ಣನ ಹಿಡಿ ಮಣ್ಣು

ಸೇತುವೆ ಬಂದರೆ ಹಾಲಪ್ಪಣ್ಣ ಸೈಕಲ್ಲಿನಿಂದ ಇಳಿದುಬಿಡುತ್ತಿದ್ದರು. ಇಳಿದು, ಚಪ್ಪಲಿ ಕಳಚಿ ಹ್ಯಾಂಡಲ್ಲಿಗೆ ಸಿಗಿಸಿ, ಬರಿಗಾಲಲ್ಲಿ ಸೈಕಲ್ ತಳ್ಳಿಕೊಂಡು ಹೊಳೆ ದಾಟುತ್ತಿದ್ದರು. ಹಿಂದೆ ಲಾರಿ ಹಾರನ್ ಬಾರಿಸಲಿ, ಮುಂದೆ ನಾವೆಲ್ಲ ಕಾಯುತ್ತ ನಿಂತಿರಲಿ, ಅವರ ನಡಿಗೆ ಒಂದಿಷ್ಟೂ ಚುರುಕಾಗುತ್ತಿರಲಿಲ್ಲ. ಒಮ್ಮೆ ಹರಿಹರದ ಸೇತುವೆ ಮೇಲೆ ಪೊಲೀಸಿನವನೊಬ್ಬ, ಹತ್ತಿ ಬೇಗ ಹೋಗಿ ಎಂದು ಗದರಿದ. ಹಾಲಪ್ಪಣ್ಣ ಸೈಕಲ್ಲನ್ನೇ ಅವನತ್ತ ಚಾಚಿ, "ಅವಸರ ಇದ್ರೆ ನೀವು ಹತ್ಕಂಡು ಹೋಗ್ರಿ ಸಾಹೇಬ್ರೆ. ನಾನು ನಡ್ಕಂತ ಬಂದು ಇಸ್ಕಂತೀನಿ" ಅಂದರು. ವ್ಯಂಗ್ಯವಲ್ಲ, ನಿಜವಾಗಿಯೇ ಅಂದಿದ್ದು. ಪೊಲೀಸಿನವನಿಗೇ ನಗು ಬಂತು.

ಅವರದು ಹರಿಹರದಲ್ಲಿ ಬೆಲ್ಲದ ಅಂಗಡಿ. ಹುಟ್ಟಿದೂರು ಭಾನುವಳ್ಳಿ, ಅಲ್ಲಿ ಕಾಲುವೆ ನೀರಿನ ಗದ್ದೆ. ನಾನು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯವಳು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳು. ಭಾನುವಾರ ಬೆಳಿಗ್ಗೆ ಸೈಕಲ್ ಹೊಡೆಯುವ ನಮ್ಮ ಸಣ್ಣ ಗುಂಪಿಗೆ ಅವರು ಹರಿಹರದಲ್ಲಿ ಬಂದು ಕೂಡಿಕೊಳ್ಳುತ್ತಿದ್ದರು. ನಮ್ಮದೆಲ್ಲ ಗೇರಿನ ಸೈಕಲ್ಲು, ಹೆಲ್ಮೆಟ್ಟು, ಮೈಗಂಟುವ ಬಟ್ಟೆ. ಅವರದು ಬಿಳಿ ಅಂಗಿ, ಮಡಚಿದ ಪ್ಯಾಂಟು, ಹಣೆ ತುಂಬ ವಿಭೂತಿ. ಬೆವರಿಗೆ ವಿಭೂತಿ ಇಳಿದು ಹುಬ್ಬೆಲ್ಲ ಬೆಳ್ಳಗಾಗುತ್ತಿತ್ತು. ಜೇಬಿನಲ್ಲಿ ಸದಾ ಬೆಲ್ಲ, ಶೇಂಗಾ. ಗುಂಪಿನಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಒಂದು ಚೂರು ಬೆಲ್ಲ ಮುರಿದು ಕೈಗಿಟ್ಟು, "ಮೊದ್ಲು ಬಾಯಿಗೆ ಹಾಕ್ಕಳ್ರಿ, ಆಮ್ಯಾಲೆ ಬೈದಾಡ್ರಿ" ಅನ್ನುವರು. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಬೈಯುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳಬೇಕು. ಗುಂಪಿನಲ್ಲಿ ಮಹಾ ಸಿಡುಕಿ ನಾನೇ.

ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿ ಗುಂಟ ಸೈಕಲ್ ಹೊಡೆಯುವುದೆಂದು ಮಾತಾದಾಗ, ಎಲ್ಲರಿಗಿಂತ ಮೊದಲು ಬರುತ್ತೇನೆಂದವರು ಹಾಲಪ್ಪಣ್ಣ. ನಮಗೆಲ್ಲ ಆಶ್ಚರ್ಯ. ದಾವಣಗೆರೆ ಆಚೆ ಅವರು ಸೈಕಲ್ ಹೊಡೆದವರೇ ಅಲ್ಲ. "ಸಮುದ್ರದ ತಾವ ಒಂದು ಕೆಲಸ ಐತೆ ತಂಗೆಮ್ಮ" ಎಂದಷ್ಟೇ ನನಗೆ ಹೇಳಿದರು. ಅಲ್ಲಿ ಬೆಲ್ಲದ ಗಿರಾಕಿ ಇರಬೇಕು ಎಂದು ನಾವು ತಮಾಷೆ ಮಾಡಿಕೊಂಡೆವು.

ನಾನು ಹೇಳಬೇಕಾಗಿರುವುದು ಅಂಕೋಲೆಯಿಂದ ಹೊನ್ನಾವರಕ್ಕೆ ಹೋದ ದಿನದ ಸಂಗತಿ. ಆ ದಾರಿಯಲ್ಲಿ ಹೊಳೆಗಳಿಗೇನು ಬರವೇ? ಗಂಗಾವಳಿ ಬಂತು, ಇಳಿದರು. ಅಘನಾಶಿನಿ ಬಂತು, ಇಳಿದರು. ನೆತ್ತಿ ಸುಡುವ ಬಿಸಿಲು, ಅಂಟಂಟು ಗಾಳಿ, ಮೈ ಸವರಿಕೊಂಡು ಹೋಗುವ ಟ್ಯಾಂಕರ್‌ಗಳು. ಹೊನ್ನಾವರದ ಶರಾವತಿ ಸೇತುವೆಯ ಉದ್ದ ನೋಡಿಯೇ ನನ್ನ ತಾಳ್ಮೆ ಕೆಟ್ಟಿತು.

"ಡಾಂಬರು ಕಾದು ಅಂಗಾಲು ಬೊಬ್ಬೆ ಬಂದಾವು. ಇದೊಂದು ಸಲ ಹತ್ರಿ ಹಾಲಪ್ಪಣ್ಣ."

"ನೀನು ಮುಂದೆ ಹೋಗು ತಂಗೆಮ್ಮ."

ಹೋಗಲು ಮನಸ್ಸಾಗಲಿಲ್ಲ. ನಾನೂ ಇಳಿದು ಜೊತೆಗೆ ನಡೆದೆ. ನಡು ಸೇತುವೆಯಲ್ಲಿ ಅವರೇ ಬಾಯಿ ಬಿಟ್ಟರು.

"ನಮ್ಮ ತಮ್ಮ ರುದ್ರೇಶಿ ಹರಿಹರದ ಹೊಳ್ಯಾಗೆ ಹೋದ. ಮಳಿಗಾಲ, ಎತ್ತಿನ ಮೈ ತೊಳ್ಯಾಕೆ ಇಳಿದಿದ್ದ. ಎತ್ತು ದಂಡಿಗೆ ಬಂತು, ಅವ್ನು ಬರ್ಲಿಲ್ಲ. ಬಲೆ ಹಾಕಿಸಿದ್ವಿ, ದಂಡಿ ಗುಂಟ ಹುಡುಕಿದ್ವಿ. ಸಿಗ್ಲಿಲ್ಲ." ಹ್ಯಾಂಡಲ್ಲಿನಿಂದ ಜಾರುತ್ತಿದ್ದ ಚಪ್ಪಲಿಯನ್ನು ಸರಿಮಾಡಿಕೊಂಡರು. "ಅಪ್ಪಗೆ ಮಣ್ಣು ಕೊಟ್ಟೆ, ಅವ್ವಗೆ ಕೊಟ್ಟೆ. ಅವ್ನಿಗೆ ಕೊಡಾಕೆ ಆಗ್ಲಿಲ್ಲ. ಅವ್ನು ಇನ್ನೂ ನೀರಾಗೆ ಅದಾನೆ. ಮ್ಯಾಲೆ ನಾನು ಸೈಕಲ್ ಹೊಡ್ಕಂಡು ಹೆಂಗೆ ಹೋಗ್ಲಿ?"

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಳಿಯಲ್ಲಿ ಕೂರಿಸುತ್ತೇವೆ, ಬಂದವರೆಲ್ಲ ಒಂದೊಂದು ಹಿಡಿ ಹಾಕುತ್ತಾರೆ. ಅದೇ ಮಣ್ಣು ಕೊಡುವುದು. ಎಂಥ ಜಗಳವಿದ್ದರೂ ಮಣ್ಣಿಗೆ ಮಾತ್ರ ತಪ್ಪಿಸುವುದಿಲ್ಲ. ಬೆನ್ನಿಗೆ ಬಿದ್ದ ತಮ್ಮನಿಗೆ ಅಷ್ಟನ್ನೂ ಮಾಡಲಾಗದ ಸಂಕಟವನ್ನು ಈ ಮನುಷ್ಯ ಬೆಲ್ಲ ಹಂಚುತ್ತ ನುಂಗಿಕೊಂಡಿದ್ದರಲ್ಲ ಅನ್ನಿಸಿತು.

ಸಂಜೆ ಸೇತುವೆಯಾಚೆ ಕಾಸರಕೋಡಿನ ದಂಡೆಗೆ ಹೋದೆವು. ಉಳಿದವರು ಎಳನೀರು ಕುಡಿಯುತ್ತ ಕೂತರು. ಹಾಲಪ್ಪಣ್ಣ ಸೈಕಲ್ಲಿನ ಚೀಲದಿಂದ ಬಿಳಿ ಬಟ್ಟೆಯ ಗಂಟೊಂದನ್ನು ತೆಗೆದರು. ಒಳಗೆ ಒಂದು ಹಿಡಿ ಮಣ್ಣು, ಭಾನುವಳ್ಳಿಯ ಗದ್ದೆಯದು. "ಎಲ್ಲಾ ಹೊಳಿನೂ ಸಮುದ್ರಕ್ಕೇ ಬರ್ತಾವಲ್ಲ. ಇಲ್ಲಿ ಕೊಟ್ರೆ ಅವ್ನಿಗೆ ಮುಟ್ಟತೈತೆ" ಎಂದು ಮೊಣಕಾಲುದ್ದ ನೀರಿಗಿಳಿದರು. ಗಂಟು ಬಿಚ್ಚುವಾಗ ಏನೋ ನೆನಪಾದಂತೆ ನನ್ನ ಕಡೆ ತಿರುಗಿದರು.

"ತಂಗೆಮ್ಮ, ನೀನು ಮಕ್ಳಿಗೆ ಹೇಳಿಕೊಡಾಕಿ. ನಮ್ಮ ಹೊಳಿ ಯಾವ ಕಡಿಂದ ಬಂದು ಕೂಡ್ತೈತೆ? ಆ ಕಡೆ ಮಕ ಮಾಡಿ ನಿಂದರ್ತೀನಿ."

ನಮ್ಮ ಕಡೆಯವರಿಗೆ ಸಮುದ್ರವೆಂದರೆ ಘಟ್ಟ ಇಳಿದರೆ ಸಿಗುವುದೊಂದೇ. ತುಂಗಭದ್ರೆ ಬೆನ್ನು ತಿರುಗಿಸಿ ಮೂಡಲಿಗೆ ಹೋಗುತ್ತಾಳೆಂದು ನಾನು ವರ್ಷ ವರ್ಷವೂ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ಸುಮ್ಮನೆ ಎತ್ತಲೋ ಕೈ ತೋರಿಸಿದ್ದರೆ ಆ ಜೀವ ತಣ್ಣಗಾಗುತ್ತಿತ್ತು. ಆದರೆ ತಮ್ಮನ ಮಣ್ಣಿನ ವಿಷಯದಲ್ಲಿ ಸುಳ್ಳಾಡಲು ನನಗೆ ಬಾಯಿ ಬರಲಿಲ್ಲ.

"ನಮ್ಮ ಹೊಳೆ ಈ ಕಡೆ ಬರಲ್ಲ ಹಾಲಪ್ಪಣ್ಣ. ಕೃಷ್ಣೆಗೆ ಕೂಡಿ ಆಂಧ್ರದ ಕಡೆ ಸಮುದ್ರಕ್ಕೆ ಹೋಗ್ತೈತೆ."

ಅವರು ನೀರಿನಲ್ಲೇ ನಿಂತರು. ಪ್ಯಾಂಟು ತೊಡೆಯವರೆಗೆ ತೊಯ್ದರೂ ಗಮನವಿರಲಿಲ್ಲ.

"ಹಂಗಾದ್ರೆ ಅವ್ನು ಇಲ್ಲಿಲ್ಲ." ಗಂಟನ್ನು ಮತ್ತೆ ಬಿಗಿದರು. "ಹೇಳಿದ್ದು ಚಲೋ ಆತು. ಯಾರದೋ ಮನಿ ಬಾಗ್ಲಾಗೆ ಇಟ್ಟು ಬರ್ತಿದ್ದೆ."

ಊಟದ ಹೊತ್ತಿಗೆ ತಟ್ಟೆಯಲ್ಲಿ ಅನ್ನ ಕಲಸುತ್ತ ಕೂತವರು ಕೇಳಿದರು: "ಆ ಸಮುದ್ರಕ್ಕೆ ಸೈಕಲ್ ಮ್ಯಾಲೆ ಹೋಗಾಕೆ ಆಗ್ತೈತೇನು?"

"ಯಾಕಾಗಲ್ಲ? ದೀಪಾವಳಿ ರಜೆಗೆ ನಾನೇ ಕರ್ಕೊಂಡು ಹೋಗ್ತೀನಿ" ಅಂದೆ. ಆಮೇಲೆ ಊಟ ಮಾಡಿದರು.

ದೀಪಾವಳಿಯವರೆಗೆ ಅವರು ಉಳಿಯಲಿಲ್ಲ. ದಸರಾ ಮುಗಿದ ವಾರ, ಅಂಗಡಿಯಲ್ಲಿ ಗಿರಾಕಿಗೆ ಬೆಲ್ಲ ತೂಗುತ್ತಿದ್ದವರು ಹಾಗೇ ಗೋಡೆಗೆ ಒರಗಿದರಂತೆ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣಿಗೆ ಭಾನುವಳ್ಳಿಗೆ ಹೋದೆ. ಗದ್ದೆಯ ಬದಿಯಲ್ಲಿ ಕುಳಿ ತೆಗೆದಿದ್ದರು. ಅವರ ಹೆಂಡತಿ ಗೌರಕ್ಕ ನನ್ನನ್ನು ಬದಿಗೆ ಕರೆದು ಸೆರಗಿನೊಳಗಿಂದ ಗಂಟು ತೆಗೆದಳು. "ಸೈಕಲ್ ಚೀಲದಾಗಿತ್ತು. ಮುಟ್ಟಬ್ಯಾಡ ಅಂದಿದ್ರು, ಏನಂತ ಹೇಳಿರ್ಲಿಲ್ಲ. ನಿನಗೇನರ ಗೊತ್ತೈತೇನು?"

ಹೇಳಿದೆ. ದೀಪಾವಳಿಗೆ ನಾನೇ ಒಯ್ದು ಆ ಸಮುದ್ರಕ್ಕೆ ಕೊಟ್ಟು ಬರುತ್ತೇನೆ ಅಂತಲೂ ಹೇಳಿದೆ. ಗೌರಕ್ಕ ಕುಳಿಯ ಕಡೆ ನೋಡಿದಳು. ಅಯ್ಯನವರು ಹಾಲಪ್ಪಣ್ಣನನ್ನು ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಆಗಿತ್ತು.

"ನೀನ್ಯಾಕೆ ಅಷ್ಟು ದೂರ ಹೋಗ್ತಿ ತಂಗೆಮ್ಮ? ಇವ್ರು ಹೆಂಗೂ ತಮ್ಮನ ತಾವಾನೆ ಹೊಂಟಾರೆ. ಬಲಗೈ ಖಾಲಿ ಐತೆ ನೋಡು."

ಅಯ್ಯನವರು ಒಂದು ಗಳಿಗೆ ಹಿಂದೆಮುಂದೆ ನೋಡಿದರು. ಆಮೇಲೆ ಗಂಟನ್ನು ಈಸಿಕೊಂಡು, ಹಾಲಪ್ಪಣ್ಣನ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದನ್ನು ಅಂಗೈಯಲ್ಲಿಟ್ಟು ಮುಚ್ಚಿದರು.